ವಿಕಿಪೀಡಿಯದಲ್ಲಿ ನನ್ನ ಲೇಖನ ಅಳಿಸಿದ್ದಾರೆ, ಈಗ ಎಂತ ಮಾಡುವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ವಿಕಿಪೀಡಿಯ ಕಾರ್ಯಾಗಾರ ಎಲ್ಲೇ ಆಗಲಿ, ಊಟದ ಹೊತ್ತಿಗೆ ಒಬ್ಬರಾದರೂ ಪಕ್ಕಕ್ಕೆ ಕರೆದು ಕೇಳುವುದು ಇದನ್ನೇ. ಮೆಸೇಜು, ಕಾಗದಗಳಲ್ಲೂ ಇದೇ ಪ್ರಶ್ನೆ. ಪ್ರತಿ ಸಲ ಹೊಸದಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದು ಕಡೆ ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ, ಹೆಸರು ಮತ್ತು ಊರು ಮಾತ್ರ ತೆಗೆದಿದ್ದೇನೆ. ನಾನು ನಿರ್ವಾಹಕ (ಪುಟ ಅಳಿಸುವ ಅಧಿಕಾರ ಇರುವ ಸದಸ್ಯ) ಅಲ್ಲ, ಬರೆಯುವವರಲ್ಲಿ ಒಬ್ಬ ಅಷ್ಟೆ. ಹಾಗಾಗಿ ನಡುನಡುವೆ ನನ್ನ ಅಭಿಪ್ರಾಯವೂ ಬಂದಿದೆ, ಒಪ್ಪಲೇಬೇಕು ಅಂತೇನಿಲ್ಲ.

## ಮೊದಲ ದಿನದ ಪ್ರಶ್ನೆಗಳು

ರಾತ್ರಿ ಕೂತು ಬರೆದ ಲೇಖನ ಬೆಳಿಗ್ಗೆ ನೋಡಿದರೆ ಇಲ್ಲ ಮಾರಾಯ್ರೆ. ಎಲ್ಲಿಗೆ ಹೋಯಿತು?

ಅದೇ ಶೀರ್ಷಿಕೆಯ ಪುಟವನ್ನು ಮತ್ತೆ ತೆರೆದು ನೋಡಿ. ಅಳಿಸಿದ್ದರೆ ಯಾರು ಅಳಿಸಿದರು, ಯಾವಾಗ, ಯಾಕೆ ಅಂತ ಒಂದು ದಾಖಲೆ ಅಲ್ಲೇ ಕಾಣುತ್ತದೆ. ಆ ದಾಖಲೆ ಕಾಣಿಸದಿದ್ದರೆ ಬಹುಶಃ ಅಳಿಸಿಲ್ಲ, ಬೇರೆ ಹೆಸರಿಗೋ ನಿಮ್ಮ ಪ್ರಯೋಗಪುಟಕ್ಕೋ (ಕರಡು ಬರೆಯಲು ನಿಮಗೇ ಇರುವ ಪುಟ) ಸರಿಸಿದ್ದಾರೆ. ಅದು ನಿಮ್ಮ ‘ಕಾಣಿಕೆಗಳು’ ಪಟ್ಟಿಯಲ್ಲಿ ಸಿಗುತ್ತದೆ. ಎಷ್ಟೋ ಜನ ಇದನ್ನು ನೋಡದೆಯೇ ಸಿಟ್ಟು ಮಾಡಿಕೊಂಡಿರುತ್ತಾರೆ.

ಇನ್ನೊಂದು ವಿಷಯ. ಅಳಿಸಿದ ಲೇಖನ ಸುಟ್ಟು ಬೂದಿ ಆಗುವುದಿಲ್ಲ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ನಿರ್ವಾಹಕರಿಗೆ ಅದರ ಎಲ್ಲ ಆವೃತ್ತಿಗಳೂ ಕಾಣುತ್ತವೆ, ಬೇಕಾದರೆ ವಾಪಸ್ ತರಬಹುದು. ಮುಂದಿನ ಮಾತೆಲ್ಲ ನಿಂತಿರುವುದು ಇದರ ಮೇಲೆ.

ಅಳಿಸಿದವರು ಯಾರು? ಕಂಪನಿಯವರಾ? ಸಂಬಳಕ್ಕೆ ಇರುವವರಾ?

ಅಲ್ಲ. ವಿಕಿಪೀಡಿಯದ ಸರ್ವರ್ ನೋಡಿಕೊಳ್ಳುವ ವಿಕಿಮೀಡಿಯ ಫೌಂಡೇಶನ್ ಅಮೆರಿಕದಲ್ಲಿದೆ. ಯಾವ ಲೇಖನ ಇರಬೇಕು, ಯಾವುದು ಹೋಗಬೇಕು ಅಂತ ಅವರು ಸಾಮಾನ್ಯವಾಗಿ ತೀರ್ಮಾನ ಮಾಡುವುದಿಲ್ಲ. ಅದನ್ನು ಆಯಾ ಭಾಷೆಯ ಸಮುದಾಯ ಮಾಡುತ್ತದೆ. ಅಳಿಸುವ ಗುಂಡಿ ಇರುವುದು ಸಮುದಾಯ ಆರಿಸಿದ ನಿರ್ವಾಹಕರ ಹತ್ತಿರ. ಅವರಿಗೂ ಸಂಬಳ ಇಲ್ಲ, ಮನೆ, ಕೆಲಸ ಎಲ್ಲ ಮುಗಿಸಿ ಕೂರುವವರು.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಇಷ್ಟು ವರ್ಷ ಆದರೂ ಇಲ್ಲಿ ನಿರ್ವಾಹಕರು ಬೆರಳೆಣಿಕೆಯಷ್ಟೇ. ಅವರ ಸ್ಥಾನ ದೇವಸ್ಥಾನದ ಬೀಗದ ಕೈ ಇಟ್ಟುಕೊಂಡವರದ್ದು, ಮೊಕ್ತೇಸರಿಕೆ ಅವರದ್ದಲ್ಲ. ಅವರು ಬೇಡ ಅಂದ ಮಾತ್ರಕ್ಕೆ ಮಾತು ಮುಗಿಯುವುದಿಲ್ಲ. ಹಾಗೆಯೇ ಅವರನ್ನು ಬೈದರೆ ಬಾಗಿಲು ತೆರೆಯುವುದೂ ಇಲ್ಲ.

ಕಾರಣ ಅಂತ ಬರೀ ಅರ್ಧ ಸಾಲು ಇದೆ. ಅದರ ಅರ್ಥ ಎಂತ?

ಅರ್ಧ ಸಾಲಿನ ಕಾರಣ ಬರೆಯುವುದು ಒಳ್ಳೆಯ ಅಭ್ಯಾಸ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಹೆಚ್ಚಾಗಿ ಅದು ನಾಲ್ಕೈದು ಕಾರಣಗಳಲ್ಲಿ ಒಂದಾಗಿರುತ್ತದೆ. ‘ಗಮನಾರ್ಹತೆ ಇಲ್ಲ’ ಅಂದರೆ ಈ ವಿಷಯದ ಬಗ್ಗೆ ಬೇರೆಯವರು ಬರೆದ ಆಧಾರ ಕಾಣಲಿಲ್ಲ ಅಂತ. ‘ಜಾಹೀರಾತು’ ಅಂದರೆ ಬರೆದ ಧಾಟಿ ಹೊಗಳಿಕೆಯದ್ದು. ‘ಕೃತಿಸ್ವಾಮ್ಯ ಉಲ್ಲಂಘನೆ’ ಅಂದರೆ ಎಲ್ಲಿಂದಲೋ ಎತ್ತಿ ಹಾಕಿದ್ದು. ಯಂತ್ರಾನುವಾದ ಅಂದರೆ ಇಂಗ್ಲಿಷ್ ಲೇಖನವನ್ನು ಟ್ರಾನ್ಸ್‌ಲೇಟ್ ಮಾಡಿ ಓದಿ ನೋಡದೆ ಹಾಗೇ ಅಂಟಿಸಿದ್ದು. ಕಾಲೇಜಿನಲ್ಲಿ ಇಂಟರ್ನಲ್ ಮಾರ್ಕಿಗೆ ಬರೆಸುವ ಲೇಖನಗಳು ಬೀಳುವುದು ಹೆಚ್ಚಾಗಿ ಇಲ್ಲಿಯೇ.

ಇನ್ನು ‘ಈಗಾಗಲೇ ಇದೆ’ ಅನ್ನುವುದು. ನಮ್ಮ ಕಡೆಯ ಊರುಗಳಿಗೆ ಇದು ಬಹಳ ಸಲ ಆಗುತ್ತದೆ. ಮೂಡುಬಿದಿರೆ, ಮೂಡಬಿದ್ರೆ, ಮೂಡುಬಿದ್ರಿ ಅಂತ ಒಂದೇ ಊರನ್ನು ಮೂರು ಥರ ಬರೆಯುತ್ತೇವೆ. ಒಂದರಲ್ಲಿ ಹುಡುಕಿ ಇಲ್ಲ ಅಂತ ಹೊಸದು ಬರೆದರೆ ಅದು ಎರಡನೆಯ ಪ್ರತಿ ಆಗುತ್ತದೆ. ಬರೆಯುವ ಮೊದಲು ಎಲ್ಲ ಕಾಗುಣಿತದಲ್ಲೂ ಹುಡುಕಿ.

ಹೇಳದೆ ಕೇಳದೆ ಅಳಿಸುವುದು ಸರಿಯಾ? ಟೈಮ್ ಕೊಡುವುದಿಲ್ವಾ?

ಕೆಲವಕ್ಕೆ ಕೊಡುತ್ತಾರೆ, ಕೆಲವಕ್ಕೆ ಇಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಮೂರು ದಾರಿ ಇದೆ. ಕದ್ದ ಬರಹ, ಶುದ್ಧ ಜಾಹೀರಾತು, ಕಿಡಿಗೇಡಿತನ, ಇವುಗಳನ್ನು ಚರ್ಚೆ ಇಲ್ಲದೆ ಕೂಡಲೇ ತೆಗೆಯಬಹುದು. ಎರಡನೆಯದರಲ್ಲಿ ಪುಟದ ಮೇಲೆ ಅಳಿಸುವ ಸೂಚನೆಯ ಒಂದು ಪಟ್ಟಿ ಅಂಟಿಸಿ 7 ದಿನ ಕಾಯುತ್ತಾರೆ. ಅಷ್ಟರೊಳಗೆ ಯಾರು ಬೇಕಾದರೂ, ನೀವೂ ಕೂಡ, ಆ ಪಟ್ಟಿ ತೆಗೆದು ಆಕ್ಷೇಪ ಹೇಳಬಹುದು. ಮೂರನೆಯದು ಬಹಿರಂಗ ಚರ್ಚೆ, ಅದೂ ಸಾಮಾನ್ಯವಾಗಿ 7 ದಿನ.

ಕನ್ನಡದಲ್ಲಿ ಜನ ಕಡಿಮೆ, ಹಾಗಾಗಿ ಇಷ್ಟು ಬಿಗಿಯಾದ ಕ್ರಮ ಕಾಣುವುದಿಲ್ಲ. ಲೇಖನದ ಮೇಲೆ ‘ಅಳಿಸುವಿಕೆ’ ಅಂತ ಟೆಂಪ್ಲೇಟು (ಸಿದ್ಧ ಸೂಚನೆ) ಬೀಳುತ್ತದೆ, ಲೇಖನಕ್ಕೆ ಅಂಟಿಕೊಂಡೇ ಇರುವ ಚರ್ಚೆಪುಟದಲ್ಲಿ ಮಾತು ನಡೆಯುತ್ತದೆ, ಕೆಲವು ಸಲ ಯಾರೂ ಮಾತಾಡುವುದೂ ಇಲ್ಲ. ಅದಕ್ಕೇ ಲೇಖನ ಹಾಕಿದ ಮೇಲೆ ಮೊದಲ ಒಂದೆರಡು ವಾರ ದಿನಕ್ಕೊಮ್ಮೆ ಇಣುಕಿ. ಖಾತೆಗೆ ಇಮೇಲ್ ಜೋಡಿಸಿ. ನಿಮ್ಮ ಚರ್ಚೆಪುಟದಲ್ಲಿ ಯಾರಾದರೂ ಬರೆದರೆ ಮೇಲ್ ಬರುವ ಹಾಗೆ ಮಾಡಬಹುದು.

## ಯಾಕೆ ಅಳಿಸುತ್ತಾರೆ

ಅವರನ್ನು ಗೊತ್ತಿಲ್ಲದವರು ನಮ್ಮ ಜಿಲ್ಲೆಯಲ್ಲೇ ಇಲ್ಲ. ಗಮನಾರ್ಹತೆ ಇಲ್ಲ ಅಂದರೆ ಹೇಗೆ?

ಅತಿ ಹೆಚ್ಚು ಜಗಳ ಆಗುವುದು ಇಲ್ಲಿ. ‘ಗಮನಾರ್ಹತೆ ಇಲ್ಲ’ ಅಂತ ಓದಿದ ಕೂಡಲೇ ಅವರ ಸಾಧನೆಯನ್ನೇ ಅಲ್ಲಗಳೆದರು ಅಂತ ಅನಿಸುತ್ತದೆ. ವಿಕಿಪೀಡಿಯ ಅವರ ಸಾಧನೆ ಅಳೆಯುವುದಿಲ್ಲ. ಅದು ಕೇಳುವುದು ಒಂದೇ: ಈ ವಿಷಯಕ್ಕೆ ಸಂಬಂಧ ಇಲ್ಲದವರು, ನಂಬಬಹುದಾದ ಕಡೆ, ವಿವರವಾಗಿ ಬರೆದಿದ್ದಾರಾ? ಈ ಮೂರೂ ಬೇಕು.

ಮೂವತ್ತು ವರ್ಷ ಯಕ್ಷಗಾನ ಮೇಳದಲ್ಲಿ ತಿರುಗಾಟ ಮಾಡಿದ ಒಬ್ಬ ಬಣ್ಣದ ವೇಷದವರನ್ನು ಯೋಚನೆ ಮಾಡಿ. ರಾತ್ರಿ ಎರಡು ಗಂಟೆಗೆ ಅವರ ಪ್ರವೇಶ ಅಂತ ಜನ ನಿದ್ದೆ ತಡೆದು ಕೂತಿದ್ದಾರೆ. ಆದರೆ ಅವರ ಬಗ್ಗೆ ಅಚ್ಚಾದ ಎರಡು ಪುಟ ಎಲ್ಲೂ ಇಲ್ಲ. ಹೀಗಿದ್ದರೆ ಲೇಖನ ನಿಲ್ಲುವುದು ಕಷ್ಟ. ಅನ್ಯಾಯ ಅನಿಸುತ್ತದೆ, ನನಗೂ ಅನಿಸುತ್ತದೆ. ಆದರೆ ಬೆಂಗಳೂರಲ್ಲೋ ಬೀದರ್‌ನಲ್ಲೋ ಕೂತವರು ನಿಮ್ಮ ಮಾತನ್ನು ಪರಿಶೀಲಿಸುವುದು ಹೇಗೆ? ಅವರು ಆಟ ನೋಡಿಲ್ಲ, ಓದಬಲ್ಲರು ಅಷ್ಟೆ.

ಪೇಪರ್‌ನಲ್ಲಿ ಎಷ್ಟೋ ಸಲ ಬಂದಿದೆ, ಕಟಿಂಗ್ ಇದೆ. ಅದು ಸಾಲದಾ?

ಕಟಿಂಗಿನಲ್ಲಿ ಎಂತ ಇದೆ ನೋಡಬೇಕು. ‘ವೇದಿಕೆಯಲ್ಲಿ ಉಪಸ್ಥಿತರಿದ್ದರು’ ಅನ್ನುವ ಸಾಲಿನಲ್ಲಿ ಹೆಸರು ಬಂದಿದ್ದರೆ ಅದು ಆಧಾರ ಅಲ್ಲ. ಸನ್ಮಾನದ ಫೋಟೋ, ಅದರ ಕೆಳಗೆ ಎರಡು ಸಾಲು, ಅದೂ ಸಾಲದು. ಪತ್ರಿಕೆಯವರು ತಾವಾಗಿ ಹೋಗಿ, ಮಾತಾಡಿಸಿ, ಪುರವಣಿಯಲ್ಲಿ ಅರ್ಧ ಪುಟ ಬರೆದಿದ್ದರೆ ಅದು ಒಳ್ಳೆಯ ಆಧಾರ. ಪೂರ್ತಿ ಸಂದರ್ಶನ ಆದರೆ ಸ್ವಲ್ಪ ತೂಕ ಕಡಿಮೆ, ಯಾಕೆಂದರೆ ಅದರಲ್ಲಿ ಮಾತಾಡುವುದು ಅವರೇ.

ನಮ್ಮ ಊರಲ್ಲಿ ಧಾರಾಳವಾಗಿ ಸಿಗುವ ಇನ್ನೆರಡು ಇವೆ. ಅಭಿನಂದನ ಗ್ರಂಥ ಮತ್ತು ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ. ಎರಡೂ ಹತ್ತಿರದವರೇ ಹೊರತರುವುದು. ಹಾಗಾಗಿ ಗಮನಾರ್ಹತೆ ತೋರಿಸಲು ಅವನ್ನು ಮುಂದೆ ಮಾಡಬೇಡಿ. ಹುಟ್ಟಿದ ವರ್ಷ, ಯಾವ ವರ್ಷ ಯಾವ ಮೇಳ, ಜೀರ್ಣೋದ್ಧಾರ ಯಾವಾಗ ಆಯಿತು ಇಂಥ ವಿವರಕ್ಕೆ ಬಳಸಬಹುದು. ಆಮಂತ್ರಣ ಪತ್ರಿಕೆ, ಫ್ಲೆಕ್ಸ್, ಯೂಟ್ಯೂಬ್ ವಿಡಿಯೊ, ಫೇಸ್‌ಬುಕ್ ಪೋಸ್ಟ್ ಇವನ್ನೆಲ್ಲ ಬಿಟ್ಟುಬಿಡಿ.

ಆಧಾರ ಇಂಟರ್‌ನೆಟ್ಟಿನಲ್ಲೇ ಇರಬೇಕು ಅಂತ ಇಲ್ಲ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ವರ್ಷ, ಪುಟ ಸಂಖ್ಯೆ ಕೊಟ್ಟರೆ ಅದೇ ಸಾಕು. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಗೋವಿಂದ ಪೈ ಸಂಶೋಧನ ಕೇಂದ್ರದ ಪ್ರಕಟಣೆಗಳನ್ನು ಒಮ್ಮೆ ನೋಡಿ. ಊರು, ದೇವಸ್ಥಾನದ ವಿಷಯ ಆದರೆ ಪಿ. ಗುರುರಾಜ ಭಟ್ಟರ 1975ರ ತುಳುನಾಡಿನ ಇತಿಹಾಸದ ದೊಡ್ಡ ಪುಸ್ತಕ ಇದೆ. ಸ್ಟರಕ್ ಬರೆದ 1894ರ ಸೌತ್ ಕೆನರಾ ಜಿಲ್ಲಾ ಮ್ಯಾನ್ಯುಯಲ್ ಇದೆ. ಬಾರ್ಕೂರು, ಮೂಡುಬಿದಿರೆಯ ಶಾಸನಗಳು ದಕ್ಷಿಣ ಭಾರತದ ಶಾಸನ ಸಂಪುಟಗಳಲ್ಲಿ ಏಳನೆಯದರಲ್ಲಿ ಅಚ್ಚಾಗಿವೆ. ಇಷ್ಟೆಲ್ಲ ಇರುವಾಗ ಫೇಸ್‌ಬುಕ್ ಲಿಂಕ್ ಹಾಕಿ ಯಾಕೆ ಪೆಟ್ಟು ತಿನ್ನುವುದು?

ಬರೆದದ್ದೆಲ್ಲ ಸತ್ಯವೇ. ಆದರೂ ಜಾಹೀರಾತು ಅಂದರು!

ಸತ್ಯವನ್ನೂ ಜಾಹೀರಾತಿನ ಹಾಗೆ ಬರೆಯಬಹುದು. ಒಂದು ಸಾಲು ನೋಡುವ. “ಕರಾವಳಿಯ ಹೆಮ್ಮೆಯ ಪುತ್ರರಾದ ಶ್ರೀಯುತರು ತಮ್ಮ ಅಮೋಘ ಅಭಿನಯದಿಂದ ದೇಶ ವಿದೇಶಗಳ ಕಲಾಭಿಮಾನಿಗಳ ಮನಸೂರೆಗೊಂಡ ಅಪ್ರತಿಮ ಪ್ರತಿಭೆ.” ಇದರಲ್ಲಿ ಮಾಹಿತಿ ಎಷ್ಟಿದೆ? ಸೊನ್ನೆ. ಯಕ್ಷಗಾನದ ಯಾವ ತಿಟ್ಟು (ಶೈಲಿ) ಅಂತ ಕೂಡ ಗೊತ್ತಾಗುವುದಿಲ್ಲ. ಅದನ್ನೇ “ತೆಂಕುತಿಟ್ಟಿನ ಸ್ತ್ರೀವೇಷಧಾರಿ. ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಂಥ ಮೇಳದಲ್ಲಿದ್ದರು. ಇಂಥ ವರ್ಷ ರಾಜ್ಯೋತ್ಸವ ಪ್ರಶಸ್ತಿ ಬಂತು” ಅಂತ ಬರೆದು ಪ್ರತಿ ವಾಕ್ಯಕ್ಕೂ ಒಂದು ಉಲ್ಲೇಖ ಕೊಟ್ಟರೆ ಅಳಿಸುವವರ ಕೈ ತಡೆಯುತ್ತದೆ.

ಸನ್ಮಾನ ಪತ್ರ ಓದಿ ಓದಿ ನಮಗೆ ಆ ಶೈಲಿ ಅಂಟಿಕೊಂಡಿದೆ, ಅದೇ ತೊಂದರೆ. ‘ಶ್ರೀ’, ‘ಡಾ’, ‘ಜನಾನುರಾಗಿ’, ‘ಕೊಡುಗೈ ದಾನಿ’ ಎಲ್ಲ ತೆಗೆದು ನೋಡಿ. ಉಳಿದದ್ದು ಮೂರೇ ಸಾಲಾದರೆ ಲೇಖನಕ್ಕೆ ಇನ್ನೂ ಸಾಮಗ್ರಿ ಬೇಕು ಅಂತ ಅರ್ಥ.

ನನ್ನದೇ ಬ್ಲಾಗಿನ ಲೇಖನ ಹಾಕಿದ್ದಕ್ಕೆ ಕೃತಿಚೌರ್ಯ ಅಂತಾರೆ. ನನ್ನ ಮನೆಗೆ ನಾನೇ ಕನ್ನ ಹಾಕ್ತೇನಾ?

ನೀವೇ ಬರೆದದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅವರಿಗೆ ಕಾಣುವುದು ಎರಡು ಕಡೆ ಒಂದೇ ಬರಹ. ಪರಿಹಾರ ಸುಲಭ. ವಿಕಿಪೀಡಿಯದ ಬರಹ ಇರುವುದು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಲೈಸನ್ಸಿನಲ್ಲಿ. ನಿಮ್ಮ ಬ್ಲಾಗಿನ ಆ ಪುಟದ ಕೆಳಗೆ ‘ಈ ಬರಹ ಈ ಲೈಸನ್ಸಿನಲ್ಲಿ ಲಭ್ಯ’ ಅಂತ ಒಂದು ಸಾಲು ಹಾಕಿ, ಚರ್ಚೆಪುಟದಲ್ಲಿ ಅದರ ಕೊಂಡಿ ಕೊಡಿ. ಆದರೆ ಹಾಗೆ ಮಾಡಿದರೆ ಯಾರು ಬೇಕಾದರೂ, ವ್ಯಾಪಾರಕ್ಕೂ, ಅದನ್ನು ಬಳಸಬಹುದು. ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಪತ್ರಿಕೆಗೆ ಬರೆದ ಲೇಖನ ಆದರೆ ಹಕ್ಕು ನಿಮ್ಮ ಹತ್ತಿರ ಇದೆಯಾ ಅಂತ ಮೊದಲು ಖಾತ್ರಿ ಮಾಡಿ. ಹೊಸದಾಗಿ ಬರೆಯುವುದೇ ಉತ್ತಮ. ಬ್ಲಾಗಿನ ಧಾಟಿ ವಿಶ್ವಕೋಶಕ್ಕೆ ಹೇಗೂ ಹೊಂದುವುದಿಲ್ಲ.

ಪಂಜೆಯವರ ಪದ್ಯ ಪೂರ್ತಿ ಹಾಕಿದೆ. ಅದಕ್ಕೂ ಕತ್ತರಿ. ಅದು ಹಳೆಯದಲ್ವಾ?

ಹಳೆಯದು ಹೌದು, ಆದರೆ ಜಾಗ ತಪ್ಪು. ಭಾರತದಲ್ಲಿ ಬರೆದವರು ತೀರಿಕೊಂಡ ವರ್ಷ ಕಳೆದು 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಮುದ್ದಣ ಹೋದದ್ದು 1901ರಲ್ಲಿ, ಪಂಜೆ ಮಂಗೇಶರಾಯರು 1937ರಲ್ಲಿ, ಇಬ್ಬರ ಕೃತಿಗಳೂ ಮುಕ್ತ. ಮಂಜೇಶ್ವರ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರದ್ದು 2024ರ ಜನವರಿ 1ಕ್ಕೆ ಮುಕ್ತವಾಯಿತು. ಕಾರಂತರದ್ದು ಹಾಗಲ್ಲ. ಅವರು ಹೋದದ್ದು 1997ರಲ್ಲಿ, 2057 ಮುಗಿಯುವವರೆಗೆ ಕಾಯಬೇಕು.

ಮುಕ್ತವಾದ ಕೃತಿಯ ಪೂರ್ತಿ ಪಾಠವನ್ನು ವಿಕಿಸೋರ್ಸ್‌ನಲ್ಲಿ ಹಾಕಬೇಕು. ವಿಕಿಪೀಡಿಯದಲ್ಲಿ ಆ ಕೃತಿಯ *ಬಗ್ಗೆ* ಬರೆಯಬೇಕು.

ಅಜ್ಜನ ಬಗ್ಗೆ ಮೊಮ್ಮಗಳು ಬರೆದರೆ ತಪ್ಪಾ?

ನಿಷೇಧ ಇಲ್ಲ, ಆದರೆ ಕಣ್ಣು ಬೀಳುತ್ತದೆ. ನಿಮ್ಮ ಸದಸ್ಯ ಪುಟದಲ್ಲಿ ‘ಇವರು ನನ್ನ ಅಜ್ಜ’ ಅಂತ ಬರೆದುಬಿಡಿ, ಲೇಖನವನ್ನು ಪ್ರಯೋಗಪುಟದಲ್ಲಿ ಮಾಡಿ, ಬೇರೆಯವರಿಗೆ ತೋರಿಸಿ. ಅವರು ಒಪ್ಪಿ ಮುಖ್ಯ ಜಾಗಕ್ಕೆ ಸರಿಸಲಿ. ಮುಚ್ಚಿಟ್ಟು ಆಮೇಲೆ ಅಡ್ಡಹೆಸರಿನಿಂದ ಗೊತ್ತಾದರೆ ಲೇಖನದ ಒಳ್ಳೆಯ ಭಾಗವನ್ನೂ ಜನ ಅನುಮಾನದಿಂದ ಓದುತ್ತಾರೆ. ಮನೆಯಲ್ಲಿ ಕೇಳಿದ ಕತೆಗಳನ್ನು ಮಾತ್ರ ಬಿಡಬೇಕಾಗುತ್ತದೆ, ಅದು ಬೇಸರದ ಸಂಗತಿ.

ದುಡ್ಡು ಕೊಟ್ಟು ಮಾಡಿಸಿದ ಪೇಜ್ ಕೂಡ ಹೋಯಿತಲ್ಲ?

ಹೋಗುತ್ತದೆ. ಹಣ ಪಡೆದು ಬರೆಯುವವರು ಯಾರಿಂದ ಪಡೆದೆವು ಅಂತ ಬಹಿರಂಗವಾಗಿ ಹೇಳಬೇಕು ಅಂತ 2014ರಿಂದ ಬಳಕೆಯ ನಿಯಮದಲ್ಲೇ ಇದೆ. ‘ವಿಕಿಪೀಡಿಯ ಪೇಜ್ ಗ್ಯಾರಂಟಿ’ ಅನ್ನುವವರನ್ನು ನಂಬಬೇಡಿ. ಅಂಥ ಗ್ಯಾರಂಟಿ ಕೊಡುವ ಅಧಿಕಾರ ಯಾರಿಗೂ ಇಲ್ಲ.

## ತಕರಾರು ಹೇಳುವುದು ಹೇಗೆ

ಕಾಪಿ ನನ್ನ ಹತ್ತಿರ ಇದೆ. ಸುಮ್ನೆ ಮತ್ತೆ ಹಾಕಿಬಿಡಲಾ?

ಬೇಡ. ಅದೇ ಬರಹ ಮತ್ತೆ ಬಂದರೆ ಈ ಸಲ ಚರ್ಚೆಯೂ ಇಲ್ಲದೆ ತೆಗೆಯಬಹುದು. ಮೂರನೆಯ ಸಲ ಹಾಕಿದರೆ ಆ ಶೀರ್ಷಿಕೆಯನ್ನೇ ಯಾರೂ ಸೃಷ್ಟಿಸದ ಹಾಗೆ ಬೀಗ ಹಾಕಬಹುದು. ಆಮೇಲೆ ಒಳ್ಳೆಯ ಆಧಾರ ಸಿಕ್ಕರೂ ಬೀಗ ತೆಗೆಸಲು ಇನ್ನೊಂದು ಸುತ್ತು ಅಲೆಯಬೇಕು. ಬೇರೆ ಖಾತೆ ಮಾಡಿ ಹಾಕುವ ಉಪಾಯ ಅಂತೂ ಕನಸಲ್ಲೂ ಬೇಡ.

ಹಾಗಾದರೆ ಎಲ್ಲಿ ಹೋಗಿ ಕೇಳುವುದು? ಹೇಗೆ ಕೇಳುವುದು?

ಮೊದಲು ಅಳಿಸಿದವರ ಚರ್ಚೆಪುಟ. ಅಲ್ಲಿ ಬರೆದು ಕೊನೆಗೆ ನಾಲ್ಕು ಟಿಲ್ಡೆ (~~~~) ಹಾಕಿದರೆ ನಿಮ್ಮ ಸಹಿ ಮತ್ತು ಸಮಯ ತಾನಾಗಿ ಬರುತ್ತದೆ. ಅವರು ಒಂದು ವಾರ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿ ಅನಿಸದಿದ್ದರೆ ಅರಳಿ ಕಟ್ಟೆಗೆ ಹೋಗಿ. ಕನ್ನಡ ವಿಕಿಪೀಡಿಯದ ಸಾರ್ವಜನಿಕ ಚರ್ಚೆಯ ಜಾಗಕ್ಕೆ ಇರುವ ಹೆಸರೇ ಅದು.

ಜಾಸ್ತಿ ಜನ ಶುರು ಮಾಡುವುದು ಹೀಗೆ: “ನಿಮಗೆ ಯಕ್ಷಗಾನದ ಬಗ್ಗೆ ಎಂತ ಗೊತ್ತುಂಟು? ಕರಾವಳಿಯ ಕಲಾವಿದರಿಗೆ ಮಾಡಿದ ಅವಮಾನ ಇದು.” ಬರೆದವರಿಗೆ ಹಗುರ ಆಗುತ್ತದೆ, ಲೇಖನಕ್ಕೆ ಏನೂ ಆಗುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ:

“ನಮಸ್ಕಾರ. ನಾನು ಬರೆದ ಈ ಲೇಖನವನ್ನು ಗಮನಾರ್ಹತೆ ಇಲ್ಲ ಎಂಬ ಕಾರಣಕ್ಕೆ ಅಳಿಸಿದ್ದೀರಿ. ಹಾಕುವಾಗ ಉಲ್ಲೇಖ ಕೊಟ್ಟಿರಲಿಲ್ಲ. ಈಗ ಎರಡು ಸಿಕ್ಕಿವೆ. ಒಂದು ದಿನಪತ್ರಿಕೆಯ ಪುರವಣಿಯ ಅರ್ಧ ಪುಟದ ಲೇಖನ, ಇನ್ನೊಂದು ವಿಶ್ವವಿದ್ಯಾನಿಲಯದ ಪ್ರಸಾರಾಂಗದ ಪುಸ್ತಕದಲ್ಲಿ ಒಂದು ಅಧ್ಯಾಯ. ತಾರೀಕು, ಪುಟ ಸಂಖ್ಯೆ ಕೆಳಗೆ ಕೊಟ್ಟಿದ್ದೇನೆ. ಇಷ್ಟು ಸಾಕಾಗಬಹುದೇ? ಲೇಖನವನ್ನು ನನ್ನ ಪ್ರಯೋಗಪುಟಕ್ಕೆ ಮರಳಿಸಿದರೆ ಸರಿಮಾಡಿ ತೋರಿಸುತ್ತೇನೆ.”

ಇದರಲ್ಲಿ ಬೇಡಿಕೊಳ್ಳುವುದು ಇಲ್ಲ, ಬೈಗುಳವೂ ಇಲ್ಲ. ಓದಿದವರು ಒಂದೋ ಹೌದು ಅನ್ನಬೇಕು, ಇಲ್ಲವಾದರೆ ಯಾಕೆ ಸಾಲದು ಅಂತ ಆ ಎರಡು ಆಧಾರಗಳ ಬಗ್ಗೆಯೇ ಮಾತಾಡಬೇಕು. ಮಾತು ಅಲ್ಲಿಗೆ ಬಂದರೆ ಅರ್ಧ ಕೆಲಸ ಆಯಿತು.

ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದರೆ ಹತ್ತಿಪ್ಪತ್ತು ಜನ ಬಂದು ‘ಲೇಖನ ಇರಲಿ’ ಅಂತ ಬರೀತಾರೆ. ಹಾಕಲಾ?

ಖಂಡಿತ ಹಾಕಬೇಡಿ. ಅಲ್ಲಿ ನಡೆಯುವುದು ಓಟು ಅಲ್ಲ. ಒಂದೇ ದಿನ ಖಾತೆ ತೆರೆದ ಹತ್ತಿಪ್ಪತ್ತು ಜನ ಬಂದು ‘ಇರಲಿ’, ‘ನಾನೂ ಒಪ್ಪುತ್ತೇನೆ’ ಅಂದರೆ ಚರ್ಚೆ ಮುಗಿಸುವವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೇಲಿಂದ ಅವರೆಲ್ಲ ನೀವೇ ಮಾಡಿದ ಖಾತೆಗಳೋ ಅಂತ ತನಿಖೆ ಶುರುವಾಗಬಹುದು. ಗ್ರೂಪಿನಲ್ಲಿ ಕೇಳುವುದಾದರೆ ‘ಇವರ ಬಗ್ಗೆ ಬಂದ ಹಳೆಯ ಲೇಖನ, ಪುಸ್ತಕ ಯಾರ ಹತ್ತಿರ ಇದೆ?’ ಅಂತ ಕೇಳಿ. ಒಬ್ಬರು ಕಪಾಟಿನಿಂದ ತೆಗೆದು ಒಂದು ಪುಟದ ಫೋಟೋ ಕಳಿಸಿದರೆ ಆ ಇಪ್ಪತ್ತು ‘ಇರಲಿ’ಗಿಂತ ಅದಕ್ಕೆ ಬೆಲೆ ಜಾಸ್ತಿ.

ಇದಕ್ಕಿಂತ ಕಳಪೆ ಲೇಖನ ಎಷ್ಟೋ ಇವೆ. ಅವನ್ನು ಯಾಕೆ ಮುಟ್ಟುವುದಿಲ್ಲ?

ಯಾರೂ ನೋಡಿಲ್ಲ ಅಷ್ಟೆ. ಇದು ವಾದದಲ್ಲಿ ನಿಲ್ಲುವುದಿಲ್ಲ, ‘ಅದನ್ನೂ ತೋರಿಸಿ, ಅದೂ ಹೋಗಲಿ’ ಅನ್ನುತ್ತಾರೆ. ಆಮೇಲೆ ಆ ಲೇಖನ ಬರೆದವರ ಸಿಟ್ಟೂ ನಿಮ್ಮ ಮೇಲೆ.

ಬರೆದದ್ದರ ಕಾಪಿ ಇಟ್ಟುಕೊಂಡಿಲ್ಲ. ಪಠ್ಯ ಆದರೂ ಸಿಗುತ್ತದಾ?

ಕೇಳಿದರೆ ಸಿಗುತ್ತದೆ. ನಿರ್ವಾಹಕರು ಅದನ್ನು ನಿಮ್ಮ ಪ್ರಯೋಗಪುಟಕ್ಕೆ ಮರಳಿಸಬಹುದು, ಇಲ್ಲವೇ ಇಮೇಲ್ ಮಾಡಬಹುದು. ಬೇರೆಯವರ ಬರಹ ಕಾಪಿ ಮಾಡಿದ್ದು, ಯಾರದ್ದಾದರೂ ಮಾನ ತೆಗೆಯುವಂಥದ್ದು ಆದರೆ ಕೊಡುವುದಿಲ್ಲ. ಇನ್ನು ಮುಂದೆ ಮೊದಲು ವರ್ಡ್ ಫೈಲಿನಲ್ಲೋ ನುಡಿ ತಂತ್ರಾಂಶದಲ್ಲೋ ಬರೆದಿಡಿ. ನುಡಿಯಲ್ಲಿ ಬರೆದರೆ ಯುನಿಕೋಡಿಗೆ ಬದಲಾಯಿಸಿ ಹಾಕಿ, ಇಲ್ಲದಿದ್ದರೆ ಪುಟದ ತುಂಬ ವಿಚಿತ್ರ ಅಕ್ಷರ ಬಂದು ಅದಕ್ಕೇ ಅಳಿಸಿಯಾರು.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

ದೈವದ ಕತೆ ಇರುವುದು ಪಾಡ್ದನದಲ್ಲಿ (ತುಳುವಿನ ಹಾಡುಗತೆ). ಅಚ್ಚಾದ ಆಧಾರ ಕೊಡಿ ಅಂದರೆ ನಾವು ಎಲ್ಲಿಂದ ತರುವುದು?

ಇದು ನ್ಯಾಯವಾದ ಪ್ರಶ್ನೆ, ವಿಕಿಪೀಡಿಯದ ಹತ್ತಿರ ಇದಕ್ಕೆ ಒಳ್ಳೆಯ ಉತ್ತರ ಇಲ್ಲ. ಬಾಯಿಂದ ಬಾಯಿಗೆ ಬಂದ ಜ್ಞಾನವನ್ನು ಅಚ್ಚಿನ ಲೋಕದ ನಿಯಮ ಹಿಡಿದು ಅಳೆದರೆ ತುಳುನಾಡಿನಂಥ ಜಾಗಕ್ಕೆ ಏಟು ಜಾಸ್ತಿ. ಇದನ್ನು ಬೇರೆಯವರೂ ಯೋಚನೆ ಮಾಡಿದ್ದಾರೆ. 2011ರಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಒಂದು ಪ್ರಯೋಗ ಆಯಿತು. ಮಲಯಾಳಂ, ಹಿಂದಿ ಮತ್ತು ಸೆಪೆಡಿ ಭಾಷೆಗಳಲ್ಲಿ ಜನರನ್ನು ಮಾತಾಡಿಸಿ, ಆ ಧ್ವನಿಮುದ್ರಣವನ್ನೇ ಉಲ್ಲೇಖ ಮಾಡಿ ಲೇಖನ ಬರೆದರು. ಆದರೆ ಅದು ಎಲ್ಲ ಕಡೆ ಒಪ್ಪುವ ನಿಯಮ ಆಗಲಿಲ್ಲ.

ಹಾಗಂತ ಕೈ ಕಟ್ಟಿ ಕೂರಬೇಕಾಗಿಲ್ಲ. ಪಾಡ್ದನಗಳನ್ನು ಸಂಗ್ರಹಿಸಿ ಅಚ್ಚು ಮಾಡಿದ ಪುಸ್ತಕಗಳು ಬೇಕಾದಷ್ಟಿವೆ, ಪಿಎಚ್‌ಡಿ ಪ್ರಬಂಧಗಳಿವೆ, ಮಂಗಳೂರಿನ ತುಳು ಸಾಹಿತ್ಯ ಅಕಾಡೆಮಿಯ ಪ್ರಕಟಣೆಗಳಿವೆ. ಆರು ಸಂಪುಟದ ತುಳು ನಿಘಂಟಿನಲ್ಲೂ ದೈವ, ನೇಮ, ಪರಿಕರಗಳ ವಿವರ ಇದೆ. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಬಗ್ಗೆ ಆಧಾರ ಇಲ್ಲ ಅಂತ ಯಾರೂ ಹೇಳಲಾರರು. ಕಷ್ಟ ಆಗುವುದು ಒಂದು ಗುತ್ತಿನ (ಹಳೆಯ ಮನೆತನದ), ಒಂದು ಗರಡಿಯ (ವೀರರ ಆರಾಧನೆಯ ಸ್ಥಳದ), ಒಂದು ಊರಿನ ಸ್ಥಾನದ ಬಗ್ಗೆ ಬರೆಯುವಾಗ. ಅಲ್ಲಿ ಬೇರೆ ಲೇಖನ ಮಾಡಲು ಹೊರಡಬೇಡಿ. ಗರಡಿಗಳ ಬಗೆಗಿನ ಒಟ್ಟಾರೆ ಲೇಖನದಲ್ಲೋ ಊರಿನ ಲೇಖನದಲ್ಲೋ ಒಂದು ಪ್ಯಾರಾ ಸೇರಿಸಿ. ಅಷ್ಟಕ್ಕೆ ಒಂದು ಆಧಾರ ಇದ್ದರೂ ನಡೆಯುತ್ತದೆ. ಮುಂದೆ ಯಾರಾದರೂ ಅದರ ಬಗ್ಗೆ ಬರೆದರೆ ಆಗ ಬೇರೆ ಮಾಡಿದರಾಯಿತು.

ಇನ್ನೊಂದು ದಾರಿ ಉದ್ದದ್ದು. ನೀವೇ ಹೋಗಿ ಕೇಳಿ, ದಾಖಲು ಮಾಡಿ, ಒಂದು ಒಳ್ಳೆಯ ಪತ್ರಿಕೆಯಲ್ಲೋ ಸಂಶೋಧನ ಸಂಚಿಕೆಯಲ್ಲೋ ಪ್ರಕಟಿಸಿ. ವಿಕಿಪೀಡಿಯಕ್ಕೆ ಅದನ್ನು ಬೇರೆಯವರು ತರಲಿ. ಹೊಸ ಸಂಶೋಧನೆಯನ್ನು ನೇರವಾಗಿ ವಿಕಿಪೀಡಿಯದಲ್ಲಿ ಮೊದಲು ಹಾಕುವ ಹಾಗಿಲ್ಲ.

ಅಳಿಸುವವರು ತಪ್ಪು ಮಾಡುವುದೇ ಇಲ್ವಾ?

ಮಾಡುತ್ತಾರೆ, ದೊಡ್ಡ ತಪ್ಪೇ ಮಾಡಿದ್ದಾರೆ. ಕೆನಡಾದ ಭೌತವಿಜ್ಞಾನಿ ಡೋನಾ ಸ್ಟ್ರಿಕ್‌ಲ್ಯಾಂಡ್ ಅವರ ಬಗ್ಗೆ 2018ರ ಮೇ ತಿಂಗಳಲ್ಲಿ ಯಾರೋ ಇಂಗ್ಲಿಷ್ ವಿಕಿಪೀಡಿಯಕ್ಕೆ ಕರಡು ಲೇಖನ ಕೊಟ್ಟರು. ಉಲ್ಲೇಖ ಸಾಲದು ಅಂತ ಅದನ್ನು ಒಪ್ಪಲಿಲ್ಲ. ಅದೇ ಅಕ್ಟೋಬರ್ 2ಕ್ಕೆ ಅವರಿಗೆ ನೊಬೆಲ್ ಬಂತು, ಕೆಲವೇ ಹೊತ್ತಿನಲ್ಲಿ ಲೇಖನವೂ ಬಂತು, ಜಗತ್ತಿನ ಪತ್ರಿಕೆಗಳೆಲ್ಲ ವಿಕಿಪೀಡಿಯಕ್ಕೆ ಚೆನ್ನಾಗಿ ಬೈದವು. ಅವರು 2013ರಲ್ಲೇ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆ ಆಗಿದ್ದರು. ವಿದ್ವಾಂಸರಿಗೆ ಇರುವ ನಿಯಮದ ಪ್ರಕಾರ ಅದೊಂದೇ ಸಾಕಿತ್ತು ಅಂತ ನನ್ನ ಓದು.

ಈ ಉದಾಹರಣೆಯನ್ನು ನಿಮ್ಮ ತಕರಾರಿನಲ್ಲಿ ಎತ್ತಿ ಆಡಬೇಡಿ, ಎಲ್ಲರೂ ಅದನ್ನೇ ಎತ್ತುತ್ತಾರೆ. ಅದರಿಂದ ನಮಗೆ ಸಿಗುವುದು ಬೇರೆ: ವಿಷಯ ಎಷ್ಟೇ ದೊಡ್ಡದಿರಲಿ, ಲೇಖನ ನೋಡುವವರಿಗೆ ಕಾಣುವುದು ಪುಟದಲ್ಲಿ ಇರುವ ಉಲ್ಲೇಖ ಮಾತ್ರ.

ನಿರ್ವಾಹಕರು ಹಟ ಹಿಡಿದಿದ್ದಾರೆ. ಅವರ ಮೇಲೆ ಯಾರೂ ಇಲ್ವಾ?

ಮೇಲಧಿಕಾರಿ ಅಂತ ಇಲ್ಲ, ಸಮುದಾಯ ಇದೆ. ಇಂಗ್ಲಿಷ್‌ನಲ್ಲಿ ಅಳಿಸುವಿಕೆಯ ಮರುಪರಿಶೀಲನೆಗೆ ಬೇರೆಯೇ ಪುಟ ಇದೆ. ಅಲ್ಲಿ ವಿಷಯ ಮುಖ್ಯವೋ ಅಲ್ಲವೋ ಅಂತ ಮತ್ತೆ ವಾದ ಮಾಡುವುದಲ್ಲ. ಚರ್ಚೆಯನ್ನು ತಪ್ಪಾಗಿ ಮುಗಿಸಿದ್ದಾರೆ ಅಥವಾ ಹೊಸ ಆಧಾರ ಸಿಕ್ಕಿದೆ ಅಂತ ತೋರಿಸಬೇಕು. ಕನ್ನಡದಲ್ಲಿ ಅರಳಿ ಕಟ್ಟೆಯಲ್ಲಿ ಬೇರೆ ನಿರ್ವಾಹಕರ, ಹಳೆಯ ಸಂಪಾದಕರ ಅಭಿಪ್ರಾಯ ಕೇಳಿ. ಒಬ್ಬರ ಮಾತು ತಪ್ಪಾಗಿದ್ದರೆ ಇನ್ನೊಬ್ಬರು ಹೇಳುತ್ತಾರೆ. ಎಲ್ಲ ವಿಕಿಗಳಿಗೂ ಇರುವ ಸ್ಟೀವರ್ಡ್‌ಗಳಿಗೆ ದೂರು ಕೊಟ್ಟರೆ ‘ನಿಮ್ಮ ಭಾಷೆಯಲ್ಲೇ ಬಗೆಹರಿಸಿಕೊಳ್ಳಿ’ ಅಂತ ವಾಪಸ್ ಬರುತ್ತದೆ.

ಕಾರಣ ಕೇಳಿದರೆ ಸರಿಯಾದ ಉತ್ತರ ಕೊಡುವುದು ನಿರ್ವಾಹಕರ ಕೆಲಸ. ಅದನ್ನು ಮಾಡದೆ ಸುಮ್ಮನಿದ್ದರೆ ತಪ್ಪು ಅವರದ್ದೇ, ಹಾಗಂತ ಹೇಳಲು ಸಂಕೋಚ ಬೇಡ.

ತುಳು ವಿಕಿಪೀಡಿಯದಲ್ಲಿ ಲೇಖನ ಇದೆ, ಕನ್ನಡದಲ್ಲಿ ಅಳಿಸಿದ್ದಾರೆ. ಇದೆಂತ ನ್ಯಾಯ?

ಪ್ರತಿ ಭಾಷೆಯ ವಿಕಿಪೀಡಿಯವೂ ಬೇರೆ ಬೇರೆ. ತುಳುವಿನದ್ದು ವರ್ಷಗಟ್ಟಲೆ ಇನ್‌ಕ್ಯುಬೇಟರ್‌ನಲ್ಲಿದ್ದು (ಹೊಸ ಭಾಷೆಯ ವಿಕಿಗಳನ್ನು ಬೆಳೆಸುವ ತಾಣ) 2016ರ ಆಗಸ್ಟ್‌ನಲ್ಲಿ ಸ್ವಂತ ವಿಳಾಸಕ್ಕೆ ಬಂತು. ಅಲ್ಲಿನ ಸಮುದಾಯ ಬೇರೆ, ಒಪ್ಪಿಕೊಂಡದ್ದು ಬೇರೆ. ಒಂದು ವಿಕಿಯನ್ನು ಇನ್ನೊಂದಕ್ಕೆ ಆಧಾರವಾಗಿ ಕೊಡುವ ಹಾಗೂ ಇಲ್ಲ. ಆದರೆ ತುಳು ಲೇಖನದ ಕೆಳಗಿರುವ ಉಲ್ಲೇಖಗಳನ್ನು ತೆಗೆದು, ಓದಿ, ಕನ್ನಡದಲ್ಲಿ ಬಳಸಬಹುದು.

ಕೇಸ್ ಹಾಕ್ತೇನೆ ಅಂದರೆ ಹೆದರುವುದಿಲ್ವಾ?

ಹಾಗೆ ಬರೆದರೆ ಮೊದಲು ಆಗುವುದು ನಿಮ್ಮ ಖಾತೆಗೆ ತಡೆ. ಕಾನೂನಿನ ಬೆದರಿಕೆ ಹಾಕಿದವರು ಅದನ್ನು ಹಿಂದೆ ತೆಗೆದುಕೊಳ್ಳುವವರೆಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಯುವ ಹಾಗಿಲ್ಲ. ಕೋರ್ಟಿನಿಂದ ಪುಟ ತೆಗೆಸಿದ್ದು ಉಂಟು. ಎಎನ್‌ಐ ಸುದ್ದಿಸಂಸ್ಥೆ ಹಾಕಿದ ಕೇಸಿನ ಬಗ್ಗೆಯೇ ಇದ್ದ ಪುಟವನ್ನು ದೆಹಲಿ ಹೈಕೋರ್ಟಿನ ಆದೇಶದಿಂದ 2024ರ ಅಕ್ಟೋಬರ್‌ನಲ್ಲಿ ತೆಗೆದರು, 2025ರ ಮೇಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅದು ಪುಟ ತೆಗೆಸುವ ಜಗಳ. ‘ನನ್ನ ಲೇಖನ ಇಟ್ಟುಕೊಳ್ಳಿ’ ಅಂತ ಕೋರ್ಟಿಗೆ ಹೋಗುವುದು ಬೇರೆ, ವಕೀಲರ ಫೀಸಿನಲ್ಲಿ ಅಂಥ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಬಹುದು.

ಅಂತೂ ಲೇಖನ ವಾಪಸ್ ಬಂತು. ಇನ್ನು ಯಾರೂ ಮುಟ್ಟುವ ಹಾಗಿಲ್ಲ ಅಲ್ವಾ?

ಮುಟ್ಟಬಹುದು. ಯಾರು ಬೇಕಾದರೂ ತಿದ್ದಬಹುದು, ಇನ್ನೊಮ್ಮೆ ಅಳಿಸಲು ಹಾಕಲೂಬಹುದು. ಪುಟದ ಮೇಲಿರುವ ನಕ್ಷತ್ರ ಒತ್ತಿ ವೀಕ್ಷಣಾಪಟ್ಟಿಗೆ ಸೇರಿಸಿಕೊಳ್ಳಿ, ಬದಲಾವಣೆ ಆದರೆ ಗೊತ್ತಾಗುತ್ತದೆ. ಹಳೆಯ ಚರ್ಚೆಯ ಕೊಂಡಿಯನ್ನು ಚರ್ಚೆಪುಟದಲ್ಲಿ ಇಡಿ, ಮುಂದೆ ಬರುವವರು ಅದನ್ನು ಓದಿ ಸುಮ್ಮನಾಗಬಹುದು.

ಉಲ್ಲೇಖಗಳನ್ನೂ ಕಾಯಬೇಕು. ನಮ್ಮ ಕಡೆಯ ಪತ್ರಿಕೆಗಳ ವೆಬ್‌ಸೈಟ್ ಹೊಸ ರೂಪಕ್ಕೆ ಬಂದಾಗಲೆಲ್ಲ ಹಳೆಯ ಕೊಂಡಿಗಳು ಸತ್ತುಹೋಗುತ್ತವೆ. ಇವತ್ತು ತೆರೆಯುವ ಸುದ್ದಿ ಮೂರು ವರ್ಷದ ನಂತರ ‘ಪುಟ ಸಿಗಲಿಲ್ಲ’ ಅನ್ನುತ್ತದೆ, ಆಗ ಲೇಖನಕ್ಕೆ ಆಧಾರವೇ ಇಲ್ಲ ಅಂತ ಮತ್ತೆ ಪಟ್ಟಿ ಅಂಟಿಸುತ್ತಾರೆ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟವನ್ನು ಇವತ್ತೇ ಉಳಿಸಿ, ಆ ಕೊಂಡಿಯನ್ನೂ ಉಲ್ಲೇಖದಲ್ಲಿ ಹಾಕಿ. ಜೊತೆಗೆ ಪತ್ರಿಕೆಯ ಹೆಸರು, ಯಾವ ಆವೃತ್ತಿ, ತಾರೀಕು, ಪುಟ ಸಂಖ್ಯೆ ಬರೆಯಿರಿ. ವೆಬ್‌ಸೈಟ್ ಹೋದರೂ ಲೈಬ್ರರಿಯಲ್ಲಿ ಹಳೆಯ ಪೇಪರ್ ಕಟ್ಟು ಬಿಚ್ಚಿ ನೋಡಲು ಅಷ್ಟು ಸಾಕು.